ಟೊನ್ಲೆ ಸಾಪ್ ಸರೋವರದ ಹಳ್ಳಿಯಲ್ಲಿ ನೆಂಟರಾಗಿ ಇರುವುದು ಹೇಗೆ

ಅಂಗ್ಕೋರ್ ವಾಟ್ ನೋಡಲು ಕಾಂಬೋಡಿಯಾಕ್ಕೆ ಹೋದವರು ಸಾಮಾನ್ಯವಾಗಿ ಒಂದು ಮಧ್ಯಾಹ್ನ ಟೊನ್ಲೆ ಸಾಪ್ ಸರೋವರಕ್ಕೂ ಹೋಗಿಬರುತ್ತಾರೆ. ದೋಣಿ ಹತ್ತುತ್ತಾರೆ, ಉದ್ದುದ್ದ ಕಂಬಗಳ ಮೇಲಿನ ಮನೆಗಳ ಫೋಟೋ ತೆಗೆಯುತ್ತಾರೆ, ಸೂರ್ಯ ಮುಳುಗುವುದನ್ನು ನೋಡಿ ಊಟದ ಹೊತ್ತಿಗೆ ಸಿಯೆಮ್ ರೀಪ್ ಪೇಟೆಗೆ ವಾಪಸ್. ಆಮೇಲೆ ಎಲ್ಲರ ಬಾಯಲ್ಲೂ ಅದೇ ಮಾತು. "ಏನೂ ಇಲ್ಲ ಪಾಪ, ಆದ್ರೂ ಎಷ್ಟು ಖುಷಿಯಾಗಿದ್ದಾರೆ!"

ದೋಣಿಯಲ್ಲಿ ಕೂತು ಹೇಳಿದರೆ ಆ ಮಾತಿಗೆ ಬೆಲೆ ಇಲ್ಲ. ನಾನು ಬ್ಯಾಂಕಿನಲ್ಲಿ ಗ್ರಾಮೀಣ ಸಾಲದ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತಿ ಆದವಳು. ಯಾರಾದರೂ "ನಮಗೇನೂ ಕಷ್ಟ ಇಲ್ಲ ಮೇಡಂ" ಅಂದರೆ ಮೊದಲು ಪಾಸ್‌ಬುಕ್ ಕೇಳುವ ಜಾತಿ ನನ್ನದು. ಸರೋವರದ ಹಳ್ಳಿಗೂ ಅದೇ ಅನುಮಾನ ಇಟ್ಟುಕೊಂಡೇ ಹೋದೆ. ಅಲ್ಲಿನ ಜನರ ಸಾಲ ಎಷ್ಟು, ಮೀನು ಎಷ್ಟು, ಮಕ್ಕಳು ಎಲ್ಲಿ ಅಂತ ಎಲ್ಲಾ ಕೇಳಿದೆ. ಕೇಳಿ ಮುಗಿದ ಮೇಲೂ ಅವರ ನೆಮ್ಮದಿ ಅಲ್ಲೇ ಇತ್ತು. ನನ್ನ ತಲೆ ತಗ್ಗಿದ್ದು ಅದಕ್ಕೆ. ನಿಮಗೂ ಹೋಗಬೇಕು ಅನ್ನಿಸಿದರೆ ಹೇಗೆ ಹೋಗುವುದು, ಏನು ಕೊಡುವುದು, ಏನು ಕೇಳಬಹುದು ಅನ್ನುವುದನ್ನು ಬರೆಯುತ್ತೇನೆ.

ಯಾವ ಹಳ್ಳಿ, ಯಾವ ತಿಂಗಳು

ಮೊದಲು ನೀರಿನ ವಿಷಯ ಗೊತ್ತಿರಬೇಕು. ಇದು ಆಗ್ನೇಯ ಏಷ್ಯಾದ ಅತಿ ದೊಡ್ಡ ಸಿಹಿನೀರಿನ ಸರೋವರ. ಮಳೆಗಾಲದಲ್ಲಿ ಮೆಕಾಂಗ್ ನದಿ ತುಂಬಿದಾಗ ಟೊನ್ಲೆ ಸಾಪ್ ನದಿ ಉಲ್ಟಾ ಹರಿಯುತ್ತದೆ. ಸರೋವರದಿಂದ ಮೆಕಾಂಗ್‌ಗೆ ಹೋಗಬೇಕಾದ ನದಿ, ಮೆಕಾಂಗ್ ನೀರನ್ನೇ ಸರೋವರಕ್ಕೆ ತಂದು ಸುರಿಯುತ್ತದೆ. ಬೇಸಿಗೆಯಲ್ಲಿ ಸುಮಾರು 2,500 ಚದರ ಕಿಲೋಮೀಟರ್ ಇರುವ ಸರೋವರ ಮಳೆಗಾಲದ ಕೊನೆಗೆ 10,000 ದಾಟುತ್ತದೆ. ಬೇಸಿಗೆಯಲ್ಲಿ ಎದೆ ಮಟ್ಟಕ್ಕೆ ಬರುವ ನೀರು ಎಂಟು-ಒಂಬತ್ತು ಮೀಟರ್ ಆಗುತ್ತದೆ. ಸುತ್ತಲಿನ ಕಾಡೂ ಮುಳುಗುತ್ತದೆ. ಮೀನು ಅಲ್ಲೇ ಮರಿ ಮಾಡುತ್ತದೆ. ಅಕ್ಟೋಬರ್-ನವೆಂಬರ್‌ನಲ್ಲಿ ನದಿ ಮತ್ತೆ ಸರಿ ದಿಕ್ಕಿಗೆ ತಿರುಗುತ್ತದೆ, ನೀರು ಇಳಿಯುತ್ತದೆ, ಮೀನು ಬಲೆಗೆ ಬೀಳುತ್ತದೆ. ಈ ಹಳ್ಳಿಗಳ ಹೊಟ್ಟೆಪಾಡು, ಮದುವೆ, ಜಾತ್ರೆ, ಸಾಲದ ಕಂತು ಎಲ್ಲಾ ಈ ನೀರನ್ನು ನೋಡಿಕೊಂಡೇ ನಡೆಯುವುದು.

ಸಿಯೆಮ್ ರೀಪ್‌ನಿಂದ ಹೋಗುವವರಿಗೆ ಮುಖ್ಯವಾಗಿ ಮೂರು ಹೆಸರು ಸಿಗುತ್ತವೆ. ಚೊಂಗ್ ನಿಯಾಸ್ ಎಲ್ಲಕ್ಕಿಂತ ಹತ್ತಿರ, ತೇಲುವ ಮನೆಗಳ ಊರು. ಪ್ರವಾಸಿ ದೋಣಿಗಳ ಸಂತೆ ಕೂಡ ಅದೇ. ಕಾಂಪೊಂಗ್ ಫ್ಲುಕ್ ಚೆನ್ನಾಗಿದೆ, ಆದರೆ ಸಂಜೆ ಹೊತ್ತಿಗೆ ಬಸ್ಸುಗಟ್ಟಲೆ ಜನ. ನನ್ನ ಓಟು ಕಾಂಪೊಂಗ್ ಖ್ಲಿಯಾಂಗ್‌ಗೆ. ಸುಮಾರು 50 ಕಿಲೋಮೀಟರ್ ದೂರ, ಮೂರರಲ್ಲಿ ಇದೇ ದೊಡ್ಡದು. ಆರನೇ ನಂಬರ್ ಹೆದ್ದಾರಿಯಲ್ಲಿ ಪೂರ್ವಕ್ಕೆ ಹೋಗಿ ಡಾಮ್ ಡೇಕ್ ಮಾರುಕಟ್ಟೆಯಲ್ಲಿ ಬಲಕ್ಕೆ ತಿರುಗಬೇಕು. ದೂರ ಅನ್ನುವುದೇ ಅದನ್ನು ಕಾಪಾಡಿದೆ. ಅಲ್ಲಿ ಇರುವ ಜನರಿಗೆ ನಿಮ್ಮನ್ನು ನೋಡುವುದಕ್ಕಿಂತ ಬೇರೆ ಕೆಲಸ ಇದೆ. ಇದು ಒಳ್ಳೆಯ ಲಕ್ಷಣ.

ಜನವರಿ ನನ್ನ ಆಯ್ಕೆ. ಹವೆ ತಂಪು, ಕಾಲುವೆಯಲ್ಲಿ ದೋಣಿ ಹೋಗುವಷ್ಟು ನೀರು ಇನ್ನೂ ಇರುತ್ತದೆ, ಮೀನಿನ ಕೆಲಸ ಜೋರು. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಹೋದರೆ ನೀರು ಮನೆಯ ನೆಲಕ್ಕೆ ತಾಗುವಷ್ಟು ಬಂದಿರುತ್ತದೆ, ಫೋಟೋಗೆ ಅದೇ ಚಂದ. ಏಪ್ರಿಲ್‌ನಲ್ಲಿ ಹೋಗಿ ನೋಡಿ: ಅದೇ ಮನೆಗಳು ಧೂಳಿನ ಮೇಲೆ ಮೂರು ಮಾಳಿಗೆ ಎತ್ತರಕ್ಕೆ ಒಣಗಿ ನಿಂತಿರುತ್ತವೆ. ಕೆಳಗೆ ಪ್ಲಾಸ್ಟಿಕ್ ಕಸ, ಮೇಲೆ ಕಾದ ತಗಡು. ಒಂದು ತಂಪು ಸಂಜೆ ಕಂಡ ನಗುವನ್ನು ವರ್ಷದ ನಗು ಅಂದುಕೊಳ್ಳಬಾರದು ಅಂತ ಇದನ್ನು ಹೇಳುತ್ತಿದ್ದೇನೆ.

ವಿಮಾನಕ್ಕೆ ಬ್ಯಾಂಕಾಕ್ ಅಥವಾ ಕೌಲಾಲಂಪುರದ ದಾರಿ ಸುಲಭ. ಪ್ರವಾಸಿ ವೀಸಾ ಆನ್‌ಲೈನ್‌ನಲ್ಲೇ ಸಿಗುತ್ತದೆ, 30 ದಿನ ಇರಬಹುದು. ಸರ್ಕಾರದ ವೆಬ್‌ಸೈಟ್‌ನಲ್ಲೇ ಮಾಡಿಸಿ, ಅದರ ಹಾಗೇ ಕಾಣುವ ದಲ್ಲಾಳಿ ಸೈಟುಗಳು ಬೇಕಾದಷ್ಟಿವೆ. ಥಾಯ್ಲೆಂಡ್‌ನಿಂದ ರಸ್ತೆಯಲ್ಲಿ ಬರುವ ಯೋಚನೆ ಮಾತ್ರ ಬೇಡ. 2025ರಲ್ಲಿ ಎರಡು ದೇಶಗಳ ನಡುವೆ ಗಡಿಯಲ್ಲಿ ಗುಂಡಿನ ಕಾಳಗವೇ ನಡೆಯಿತು, ಗಡಿ ದಾಟುವ ಜಾಗಗಳನ್ನು ಮುಚ್ಚಿದರು. ಹೊರಡುವ ಮೊದಲು ಪರಿಸ್ಥಿತಿ ಹೇಗಿದೆ ಅಂತ ನೋಡಿಕೊಳ್ಳಿ.

ರಾತ್ರಿ ಉಳಿಯಿರಿ

ಇಡೀ ಲೇಖನದಲ್ಲಿ ಒಂದೇ ಸಲಹೆ ಪಾಲಿಸುವುದಾದರೆ ಇದನ್ನು ಪಾಲಿಸಿ. ಪ್ರವಾಸಿ ದೋಣಿ ಹೋದ ಮೇಲೆ ಊರು ಬೇರೆಯೇ. ಕಾಂಪೊಂಗ್ ಖ್ಲಿಯಾಂಗ್‌ನಲ್ಲಿ ಮನೆಗಳಲ್ಲೇ ಉಳಿಯುವ ಏರ್ಪಾಡು ಇದೆ. ಸಿಯೆಮ್ ರೀಪ್‌ನಲ್ಲಿ ಗೈಡ್ ಗೊತ್ತು ಮಾಡುವಾಗ ಎರಡು ವಿಷಯ ಕೇಳಿ. ನಾವು ಕೊಡುವ ದುಡ್ಡಿನಲ್ಲಿ ಮನೆಯವರಿಗೆ ಎಷ್ಟು ಹೋಗುತ್ತದೆ? ಅಡುಗೆ ಮಾಡುವವರು ಯಾರು, ಅವರಿಗೆ ಬೇರೆ ದುಡ್ಡು ಕೊಡುತ್ತೀರಾ? ನೇರವಾಗಿ ಉತ್ತರ ಕೊಡುವ ಗೈಡ್ ಒಳ್ಳೆಯವನು. "ಡೋಂಟ್ ವರಿ" ಅನ್ನುವವನನ್ನು ಬಿಡಿ.

ಸರೋವರವೇ ಆಗಬೇಕು ಅಂತೇನೂ ಇಲ್ಲ ಅನ್ನುವವರಿಗೆ ಕೊಹ್ ಕಾಂಗ್ ಪ್ರಾಂತ್ಯದ ಚಿ ಫಾಟ್ ಇದೆ, ಕಾರ್ಡಮಂ ಬೆಟ್ಟಗಳ ಬುಡದಲ್ಲಿ. ಬೇಟೆ, ಮರ ಕಡಿಯುವುದು ಇವುಗಳಿಂದ ಬದುಕುತ್ತಿದ್ದ ಊರಿನವರು 2007ರಿಂದ ಪ್ರವಾಸಿಗರನ್ನು ಮನೆಯಲ್ಲಿ ಇಟ್ಟುಕೊಳ್ಳುತ್ತಿದ್ದಾರೆ. ಯಾವ ಮನೆಗೆ ಯಾರು ಅನ್ನುವುದನ್ನು ಊರಿನ ಸಮಿತಿಯೇ ನೋಡಿಕೊಳ್ಳುತ್ತದೆ. ಪಾಳಿ ಪ್ರಕಾರ ಕೊಡುವುದರಿಂದ ಒಬ್ಬರೇ ಬಾಚಿಕೊಳ್ಳುವುದಿಲ್ಲ.

ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ. ಇಲ್ಲಿ ಸೊಪ್ಪಿನ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆ, ಸಾರಿಗೆ ಪ್ರಹೊಕ್ ಬೀಳುತ್ತದೆ. ಪ್ರಹೊಕ್ ಅಂದರೆ ಉಪ್ಪು ಹಾಕಿ ಹುದುಗಿಸಿದ ಮೀನು. ವಾಸನೆ ಬಗ್ಗೆ ನಾನು ಏನೂ ಹೇಳುವುದಿಲ್ಲ. "ಒಟ್ ಸಾಚ್, ಒಟ್ ತ್ರೇ" ಅಂದರೆ ಮಾಂಸ ಬೇಡ, ಮೀನು ಬೇಡ ಅಂತ. ಅಷ್ಟು ಹೇಳಿದರೂ ಸಾಸ್ ಬಂದೇ ಬರುತ್ತದೆ, ಅವರ ಲೆಕ್ಕದಲ್ಲಿ ಅದು ಉಪ್ಪು. ಗೈಡ್ ಹತ್ತಿರ ಹಿಂದಿನ ದಿನವೇ ಬಿಡಿಸಿ ಹೇಳಿಸಿ. ಹೆದ್ದಾರಿ ಪಕ್ಕ ಬಿದಿರಿನ ಕೊಳವೆಯಲ್ಲಿ ಸುಟ್ಟ ಅನ್ನ ಮಾರುತ್ತಾರೆ, ಕ್ರಲಾನ್ ಅಂತ. ಅಂಟು ಅಕ್ಕಿ, ಕಾಳು, ತೆಂಗಿನ ಹಾಲು ಅಷ್ಟೇ. ನಾಲ್ಕೈದು ಕಟ್ಟಿಸಿಕೊಳ್ಳಿ, ನಿಮಗೂ ಆಯಿತು, ಮನೆಯ ಮಕ್ಕಳಿಗೂ ಆಯಿತು.

ಕಾಯಿಸಿದ ನೀರು ಅಥವಾ ಸೀಲ್ ಆದ ಬಾಟಲಿ ನೀರು ಮಾತ್ರ ಕುಡಿಯಿರಿ. ಕಕ್ಕಸು ಮನೆಯ ಹಿಂದೆ ಹಲಗೆಯ ಮೇಲೆ. ಕೆಳಗೆ ನೇರ ನೀರು ಅಥವಾ ನೆಲ. ಅದೇ ನೀರಲ್ಲಿ ಸ್ವಲ್ಪ ಆಚೆ ಪಾತ್ರೆ ತೊಳೆಯುತ್ತಿರುತ್ತಾರೆ. ಮುಖ ಕಿವುಚಬೇಡಿ, ಹಾಗಂತ ಹೊಗಳಲೂ ಬೇಡಿ. ಮಕ್ಕಳಿಗೆ ಹೊಟ್ಟೆನೋವು, ಭೇದಿ ಬರುವುದು ಇದರಿಂದಲೇ, ಅದು ಅವರಿಗೂ ಗೊತ್ತು. ಸೊಳ್ಳೆ ಪರದೆ ಅವರೇ ಕೊಡುತ್ತಾರೆ. ಡೆಂಗಿ ಇರುವ ಜಾಗ, ಹಗಲಲ್ಲೂ ಸೊಳ್ಳೆ ಮುಲಾಮು ಹಚ್ಚಿಕೊಳ್ಳಿ. ಟೈಫಾಯ್ಡ್, ಹೆಪಟೈಟಿಸ್ ಎ ಲಸಿಕೆ ಬಗ್ಗೆ ಹೊರಡುವ ಮೊದಲು ಡಾಕ್ಟರನ್ನು ಕೇಳಿ.

ಇನ್ನು ಸದ್ದು. ಶಾಂತವಾದ ಹಳ್ಳಿ ಜೀವನ ಅಂತ ಮನಸ್ಸಲ್ಲಿ ಚಿತ್ರ ಬರೆದುಕೊಂಡು ಹೋದವರಿಗೆ ಬೆಳಗಿನ ಜಾವವೇ ಭ್ರಮೆ ಹರಿಯುತ್ತದೆ. ದೋಣಿಯ ಎಂಜಿನ್, ಕೋಳಿ, ಎಲ್ಲಕ್ಕಿಂತ ಮೇಲೆ ಲೌಡ್‌ಸ್ಪೀಕರ್. ಮದುವೆ ಇದ್ದರಂತೂ ಕೇಳಲೇಬೇಡಿ. ಪಗೋಡಕ್ಕೆ, ಅಂದರೆ ಊರಿನ ಬೌದ್ಧ ದೇವಸ್ಥಾನಕ್ಕೆ, ಕಾಣಿಕೆ ಎತ್ತುವ ದಿನ ಒಬ್ಬರು ಮೈಕ್ ಹಿಡಿದು ಕೊಟ್ಟವರ ಹೆಸರು ಮತ್ತು ಮೊತ್ತ ಓದುತ್ತಾ ಹೋಗುತ್ತಾರೆ. ನಾನು ಗೈಡ್ ಪಕ್ಕ ಕೂತು ಅದನ್ನೇ ಕೇಳಿಸಿಕೊಂಡೆ, ಹಳೇ ಚಾಳಿ. 50 ಡಾಲರ್ ಕೊಟ್ಟವರ ಹೆಸರು ಬಂತು. ಅದರ ಹಿಂದೆಯೇ 2,000 ರಿಯೆಲ್ ಕೊಟ್ಟ ಮುದುಕಿಯ ಹೆಸರು ಬಂತು. ಅಂದರೆ ಅರ್ಧ ಡಾಲರ್. ಅದೇ ದನಿ, ಅದೇ ಆಶೀರ್ವಾದ, ಅಷ್ಟೇ ಹೊತ್ತು. ನನ್ನ ಬ್ಯಾಂಕಿನಲ್ಲಿ ದೊಡ್ಡ ಠೇವಣಿ ಇಟ್ಟವರಿಗೆ ಬೇರೆ ಕುರ್ಚಿ ಇತ್ತು.

ಅಕ್ಕಿ ಮೂಟೆ, ಹಾವು, ಅನಾಥಾಶ್ರಮ

ದೋಣಿ ಪ್ರವಾಸದಲ್ಲಿ, ಅದರಲ್ಲೂ ಚೊಂಗ್ ನಿಯಾಸ್ ಕಡೆ, ಒಂದು ಹಳೇ ಆಟ ಇದೆ. ದೋಣಿಯವನು ನಿಮ್ಮನ್ನು ತೇಲುವ ಅಂಗಡಿಗೆ ಕರೆದುಕೊಂಡು ಹೋಗುತ್ತಾನೆ. "ಶಾಲೆ ಮಕ್ಕಳಿಗೆ ಅಕ್ಕಿ ಕೊಡಿ, ನೂಡಲ್ಸ್ ಕೊಡಿ" ಅನ್ನುತ್ತಾನೆ. ಬೆಲೆ ಪೇಟೆಗಿಂತ ಎಷ್ಟೋ ಪಟ್ಟು. ನೀವು ಕೊಟ್ಟು ಫೋಟೋ ತೆಗೆಸಿಕೊಂಡು ಹೋದ ಮೇಲೆ ಆ ಮೂಟೆ ಮತ್ತೆ ಅಂಗಡಿಗೇ ಬರುತ್ತದೆ ಅಂತ ಅಲ್ಲಿ ಎಲ್ಲರೂ ಹೇಳುತ್ತಾರೆ. "ಬೇಡ" ಅನ್ನಿ. ಕಲ್ಲುಮನಸ್ಸು ಅಂತ ನಿಮಗೇ ಅನ್ನಿಸುತ್ತದೆ, ಇರಲಿ.

ಅಲ್ಯೂಮಿನಿಯಂ ಬೋಗುಣಿಯಲ್ಲಿ ಕೂತು ತೇಲಿಕೊಂಡು ಬರುವ ಮಕ್ಕಳು, ಕುತ್ತಿಗೆಗೆ ಹಾವು ಸುತ್ತಿಕೊಂಡು "ಒನ್ ಡಾಲರ್" ಅನ್ನುವ ಮಕ್ಕಳು ಕೂಡ ಸಿಗುತ್ತಾರೆ. ಕೊಡಬೇಡಿ. ಆ ಮಗು ಒಂದು ದಿನದಲ್ಲಿ ಅಪ್ಪನಿಗಿಂತ ಜಾಸ್ತಿ ದುಡಿದರೆ ಅದನ್ನು ಶಾಲೆಗೆ ಕಳಿಸುವವರು ಯಾರು?

ಅನಾಥಾಶ್ರಮದ ವಿಷಯ ಇನ್ನೂ ಗಂಭೀರ. 2005ರಿಂದ 2010ರ ನಡುವೆ ಕಾಂಬೋಡಿಯಾದಲ್ಲಿ ಇಂಥ ಆಶ್ರಮಗಳ ಸಂಖ್ಯೆ ಶೇಕಡಾ 75ರಷ್ಟು ಏರಿತು. ಅನಾಥರು ಜಾಸ್ತಿ ಆದದ್ದಕ್ಕಲ್ಲ, ನೋಡಲು ಬರುವ ಪ್ರವಾಸಿಗರೂ ದಾನಿಗಳೂ ಜಾಸ್ತಿ ಆದದ್ದಕ್ಕೆ. ಸರ್ಕಾರ ಮತ್ತು ಯುನಿಸೆಫ್ 2011ರಲ್ಲಿ ನೋಡಿದಾಗ ಅಲ್ಲಿನ ಮಕ್ಕಳಲ್ಲಿ ನಾಲ್ಕರಲ್ಲಿ ಮೂರು ಪಾಲಿಗೆ ಅಪ್ಪನೋ ಅಮ್ಮನೋ ಬದುಕಿದ್ದರು. ಬಡತನಕ್ಕೆ ಮಕ್ಕಳನ್ನು ಬಿಟ್ಟುಹೋಗಿದ್ದರು. "ಮಕ್ಕಳು ಪ್ರವಾಸಿ ತಾಣ ಅಲ್ಲ" ಅನ್ನುವ ಪೋಸ್ಟರ್‌ಗಳು ಆಗಲೇ ಬಂದವು. ಹಾಡು ಹೇಳಿ ಕುಣಿದು ಕೈಹಿಡಿಯುವ ಮಕ್ಕಳನ್ನು ನೋಡಲು ಯಾರಾದರೂ ಕರೆದರೆ ಹೋಗಬೇಡಿ. ನಿಮ್ಮ ಊರಿನ ಶಾಲೆಯೊಳಗೆ ಗುರುತಿಲ್ಲದವರು ನುಗ್ಗಿ ಮಕ್ಕಳನ್ನು ತೊಡೆ ಮೇಲೆ ಕೂರಿಸಿಕೊಂಡರೆ ಸುಮ್ನೆ ಇರ್ತೀರಾ?

ಹಾಗಾದರೆ ಏನು ಕೊಡುವುದು?

ಮೊದಲು, ಬಾಡಿಗೆ ಮತ್ತು ಊಟದ ದುಡ್ಡನ್ನು ಚೌಕಾಸಿ ಮಾಡದೆ ಪೂರ್ತಿ ಕೊಡಿ. ಇದು ಎಲ್ಲಕ್ಕಿಂತ ದೊಡ್ಡ ಸಹಾಯ. ಕೊಡುವಾಗ ಎರಡು ಕೈಯಲ್ಲಿ ಕೊಡಿ. ಡಾಲರ್ ಎಲ್ಲಾ ಕಡೆ ನಡೆಯುತ್ತದೆ, ಆದರೆ ಸ್ವಲ್ಪ ಹರಿದ ನೋಟನ್ನೂ ಮುಟ್ಟುವುದಿಲ್ಲ. ಒಂದು ಡಾಲರ್‌ಗೆ ಸುಮಾರು 4,000 ರಿಯೆಲ್. ಹಳ್ಳಿಯಲ್ಲಿ ಚಿಲ್ಲರೆ ರಿಯೆಲ್ ಇದ್ದರೆ ನಿಮಗೂ ಸುಲಭ, ಅಂಗಡಿಯವರಿಗೂ ಸುಲಭ.

ಮನೆಗೆ ಏನಾದರೂ ಒಯ್ಯಬೇಕು ಅಂದರೆ ಡಾಮ್ ಡೇಕ್ ಮಾರುಕಟ್ಟೆಯಲ್ಲಿ ಹಣ್ಣು ತಗೊಳ್ಳಿ. ನೀರಿನ ಊರಿನಲ್ಲಿ ಹಣ್ಣಿನ ಮರ ಕಡಿಮೆ. ಕಿತ್ತಳೆಯ ಚೀಲ ಕಂಡರೆ ಮುಖ ಅರಳುತ್ತದೆ. ಸ್ವಲ್ಪ ಭಾಗ ಮೊದಲು ದೇವರ ಗೂಡಿಗೆ ಹೋಗುತ್ತದೆ, ಆಮೇಲೆ ಮಕ್ಕಳಿಗೆ. ಹಳೇ ಬಟ್ಟೆ ಒಯ್ಯಬೇಡಿ. ಪೆನ್ನು, ಚಾಕೊಲೇಟ್ ಬೀದಿಯಲ್ಲಿ ಹಂಚಬೇಡಿ. ಶಾಲೆಗೆ ಕೊಡಬೇಕು ಅನ್ನಿಸಿದರೆ ಮೇಷ್ಟರನ್ನು ಕೇಳಿ, ಏನು ಬೇಕು ಅಂತ ಅವರೇ ಹೇಳಲಿ.

ನನಗೆ ತುಂಬಾ ಹಿಡಿಸಿದ ದಾನ ಬೇರೆ. ಸಿಯೆಮ್ ರೀಪ್‌ನಲ್ಲಿ ಅಂಗ್ಕೋರ್‌ಗೆ ಹೋಗುವ ದಾರಿಯಲ್ಲಿ ಏಳನೇ ಜಯವರ್ಮನ್ ರಾಜನ ಹೆಸರಿನ ಕಂಥಾ ಬೋಫಾ ಮಕ್ಕಳ ಆಸ್ಪತ್ರೆ ಇದೆ. ಸ್ವಿಟ್ಜರ್ಲೆಂಡಿನ ಡಾಕ್ಟರ್ ಬೀಟ್ ರಿಚ್ನರ್ ಕಟ್ಟಿ ಬೆಳೆಸಿದ್ದು. ಅವರು 2018ರಲ್ಲಿ ತೀರಿಕೊಂಡರು. ಮಕ್ಕಳಿಗೆ ಅಲ್ಲಿ ಚಿಕಿತ್ಸೆ ಉಚಿತ. ಡೆಂಗಿ ಕಾಲದಲ್ಲಿ ಹಳ್ಳಿಗಳಿಂದ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಬರುವುದು ಇಲ್ಲಿಗೇ. ಪ್ರವಾಸಿಗರೂ ರಕ್ತ ಕೊಡಬಹುದು. ಆರೋಗ್ಯ ಸರಿ ಇದ್ದು ಡಾಕ್ಟರು ಒಪ್ಪಿದರೆ ಕೊಡಿ. ಆ ದಿನ ಬಿಸಿಲಲ್ಲಿ ದೇವಸ್ಥಾನ ಹತ್ತಬೇಡಿ, ನೀರು ಜಾಸ್ತಿ ಕುಡಿಯಿರಿ.

ಮಾತು

ಒಳಗೆ ಹೋಗುವಾಗ ಚಪ್ಪಲಿ ಹೊರಗೆ. ಎರಡು ಕೈ ಜೋಡಿಸಿ ನಮಸ್ಕಾರ ಮಾಡುವುದು ಅಲ್ಲೂ ಇದೆ, ಹಿರಿಯರಿಗೆ ಕೈ ಸ್ವಲ್ಪ ಮೇಲೆ ಹೋಗಬೇಕು. ನೆಲದಲ್ಲಿ ಕೂತಾಗ ಪಾದ ಯಾರ ಕಡೆಗೂ ಚಾಚಬೇಡಿ. ಮಕ್ಕಳ ತಲೆ ಮುಟ್ಟಬೇಡಿ. ಹೆಂಗಸರು ಬೌದ್ಧ ಭಿಕ್ಷುಗಳಿಗೆ ಏನನ್ನೂ ಕೈಯಿಂದ ಕೈಗೆ ಕೊಡಬಾರದು. ಇವೆಲ್ಲ ನಮಗೆ ಕಷ್ಟ ಏನಲ್ಲ.

ಕಷ್ಟ ಆಗುವುದು ಅವರು ಪ್ರಶ್ನೆ ಕೇಳಲು ಶುರು ಮಾಡಿದಾಗ. ವಯಸ್ಸೆಷ್ಟು, ಮದುವೆ ಆಯಿತಾ, ಎಷ್ಟು ಮಕ್ಕಳು, ಯಾಕೆ ಅಷ್ಟೇ? ವಯಸ್ಸು ಗೊತ್ತಿಲ್ಲದೆ ನಿಮ್ಮನ್ನು ಅಕ್ಕ ಅನ್ನಬೇಕೋ ತಂಗಿ ಅನ್ನಬೇಕೋ ಅಂತ ಅವರಿಗೆ ತಿಳಿಯುವುದಿಲ್ಲ. ಪ್ರಾಮಾಣಿಕವಾಗಿ ಉತ್ತರ ಕೊಡಿ. ನೀವು ಅವರ ಮನೆಯ ಮೂಲೆಮೂಲೆ ನೋಡುತ್ತಿದ್ದೀರಿ, ಅವರೂ ನಿಮ್ಮದನ್ನು ನೋಡಲಿ ಬಿಡಿ.

ಒಂದು ವಿಷಯ ಮಾತ್ರ ನೀವಾಗಿ ಎತ್ತಬೇಡಿ. 1975ರ ಏಪ್ರಿಲ್‌ನಿಂದ 1979ರ ಜನವರಿವರೆಗೆ ಖ್ಮೇರ್ ರೂಜ್ ಅನ್ನುವ ಕಮ್ಯುನಿಸ್ಟ್ ಗುಂಪು ದೇಶವನ್ನು ಆಳಿತು. ಕೊಲೆ, ಹಸಿವು, ರೋಗ, ದುಡಿಮೆಯಿಂದ 15ರಿಂದ 20 ಲಕ್ಷ ಜನ ಸತ್ತರು. ಅಲ್ಲಿ 60 ದಾಟಿದ ಯಾರನ್ನೇ ನೋಡಿದರೂ ಅವರು ಅದನ್ನು ದಾಟಿ ಬಂದವರು. ನಾನು ಉಳಿದ ಮನೆಯ ಅಜ್ಜಿ ಅನ್ನ ಬಡಿಸುವಾಗ ತಟ್ಟೆಯಲ್ಲಿ ಜಾಗ ಇರುವವರೆಗೂ ನಿಲ್ಲಿಸುತ್ತಿರಲಿಲ್ಲ. ಸಾಕು ಅಂದರೆ ಇನ್ನೊಂದು ಸೌಟು. ಯಾಕೆ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ, ಫೋನ್ ಕೆಳಗಿಡಿ.

ಸಾಲದ ಬಗ್ಗೆ ಕೇಳಬಹುದಾ? ಪರಿಚಯ ಆಗಿ ಒಂದು ಊಟ ಜೊತೆಗೆ ಮುಗಿದ ಮೇಲೆ ಕೇಳಬಹುದು. ಇದು ನನ್ನ ಅನುಭವ. ಮನೆಯೊಡತಿ ಜಗಲಿಯಲ್ಲಿ ಮೀನಿನ ಬೋಗುಣಿ ಮುಂದೆ ಕೂತಿದ್ದರು. ಬೆರಳುದ್ದದ ಬೆಳ್ಳಿ ಬಣ್ಣದ ಸಣ್ಣ ಮೀನು, ಪ್ರಹೊಕ್‌ಗೆ ಇದೇ ಆಗಬೇಕು. ಚಾಕು ಆಡಿಸಿ ಟಕ್ ಟಕ್ ಅಂತ ತಲೆ ತೆಗೆದು ಎಸೆಯುತ್ತಿದ್ದರು. ಆಮೇಲೆ ತೊಳೆದು, ಬಿಸಿಲಿಗೆ ಹಾಕಿ, ಉಪ್ಪು ತುಂಬಿ ಜಾಡಿಗೆ ಹಾಕುವುದು. ಹುದುಗಲು ವಾರಗಟ್ಟಲೆ, ಕೆಲವು ಸಲ ತಿಂಗಳುಗಟ್ಟಲೆ ಬೇಕು. ದೊಡ್ಡ ಮೀನು ಇನ್ನೊಂದು ಗುಡ್ಡೆ, ಅದು ಮಾರಾಟಕ್ಕೆ. ಇವೆರಡಕ್ಕೂ ಮೊದಲು ಅವರು ಒಂದಷ್ಟನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಮೊಮ್ಮಗಳ ಕೈಗೆ ಕೊಟ್ಟಿದ್ದರು. ಹುಡುಗಿ ಹಲಗೆ ದಾಟಿ ಪಕ್ಕದ ಮನೆಗೆ ಓಡಿತು. ಅಲ್ಲಿ ಒಬ್ಬರೇ ಇರುವ ಮುದುಕಿ, ಮಗ ಥಾಯ್ಲೆಂಡ್‌ನಲ್ಲಿ ಕಟ್ಟಡದ ಕೆಲಸದಲ್ಲಿ ಇದ್ದ.

"ಇವತ್ತು ಮೀನು ಕಡಿಮೆ ಬಂದಿದೆ ಅಂದಿರಲ್ಲ?" ಅಂದೆ, ಗೈಡ್ ಮೂಲಕ.

"ಹೌದು. ಕಡಿಮೆ ಬಂದ ದಿನ ಅವಳಿಗೂ ಕಡಿಮೆ" ಅಂದರು. ಚಾಕು ನಿಲ್ಲಲಿಲ್ಲ.

ಪಾಲು ಕೊಡುವುದೋ ಬೇಡವೋ ಅನ್ನುವ ಪ್ರಶ್ನೆಯೇ ಅಲ್ಲಿ ಇರಲಿಲ್ಲ. ಎಷ್ಟು ಅನ್ನುವುದು ಮಾತ್ರ ದಿನದಿನಕ್ಕೆ ಬದಲಾಗುತ್ತಿತ್ತು. ಮನೆ ಖರ್ಚೆಲ್ಲ ಕಳೆದು ಉಳಿದದ್ದರಲ್ಲಿ ದಾನ ಅನ್ನುವ ಲೆಕ್ಕದಲ್ಲಿ ಬೆಳೆದವಳು ನಾನು. ಆಗ ಏನು ಹೇಳಬೇಕೋ ತೋಚದೆ ಸಾಲ ಇದೆಯಾ ಅಂತ ಕೇಳಿದೆ. ಇದೆ ಅಂದರು, ಯಾವ ಮುಜುಗರವೂ ಇಲ್ಲದೆ. ದೋಣಿಯ ಎಂಜಿನ್‌ಗೆ ಒಂದು, ಮಾಡಿನ ತಗಡಿಗೆ ಒಂದು. ತಿಂಗಳ ಕಂತು ಎಷ್ಟು ಅಂತಲೂ ಹೇಳಿದರು. ಅದು ಸಣ್ಣ ಮೊತ್ತ ಅಲ್ಲ. ಕಾಂಬೋಡಿಯಾದಲ್ಲಿ ಮೈಕ್ರೋಫೈನಾನ್ಸ್ ಸಾಲ ಊರೂರಿಗೆ ಹಬ್ಬಿದೆ. ಜಮೀನಿನ ಹಕ್ಕುಪತ್ರ ಅಡವಿಟ್ಟು ಸಾಲ ಮಾಡಿ, ತೀರಿಸಲು ಜಮೀನೇ ಮಾರಿದ ಮನೆಗಳು ಬೇಕಾದಷ್ಟಿವೆ.

ಆಮೇಲೆ ಅವರ ಸರದಿ. "ನಿಮ್ಮದು ಎಷ್ಟು?"

ಮನೆ ಸಾಲದ ಬಗ್ಗೆ ಹೇಳಿದೆ. 20 ವರ್ಷ ಕಟ್ಟಿದೆವು ಅಂದೆ. ಚಾಕು ಈಗ ನಿಂತಿತು. "20 ವರ್ಷವಾ? ನಿದ್ದೆ ಬರ್ತಿತ್ತಾ?" ಅಂತ ಕೇಳಿದರು. ಗೈಡ್ ನಗುತ್ತಾ ಅನುವಾದ ಮಾಡಿದ. ಅಜ್ಜಿ ಒಳಗಿಂದ ಏನೋ ಅಂದರು, ಎಲ್ಲರೂ ಇನ್ನೂ ಜೋರಾಗಿ ನಕ್ಕರು. ಅದನ್ನು ಮಾತ್ರ ಅವನು ಅನುವಾದ ಮಾಡಲಿಲ್ಲ.

ನೋಡಿದ್ದನ್ನು ಪೂರ್ತಿ ನೋಡಿ

ಇಂಥ ಸಂಜೆ ಸಿಕ್ಕ ಮೇಲೆ "ಇವರಿಗೆ ಏನೂ ಬೇಕಾಗಿಲ್ಲ" ಅನ್ನುವ ತೀರ್ಮಾನಕ್ಕೆ ಬರುವುದು ಬಹಳ ಸುಲಭ. ಬರಬೇಡಿ. ಅವರಿಗೆ ಬೇಕಾದದ್ದು ಬೇಕಾದಷ್ಟಿದೆ, ಕೇಳಿದರೆ ಹೇಳುತ್ತಾರೆ. ಮೊದಲನೆಯದು ಮೀನು. ಮೆಕಾಂಗ್ ಮೇಲಿನ ಅಣೆಕಟ್ಟುಗಳು, ಮಳೆಯ ಏರುಪೇರು, ವಿಪರೀತ ಬಲೆ ಬೀಸುವುದು ಎಲ್ಲಾ ಸೇರಿ ಮೀನು ಕಡಿಮೆ ಆಗುತ್ತಿದೆ. 2019 ಮತ್ತು 2020ರಲ್ಲಿ ನದಿ ಉಲ್ಟಾ ತಿರುಗಿದ್ದೇ ತಡವಾಗಿ, ಬಂದ ನೀರೂ ಕಡಿಮೆ. ಎರಡನೆಯದು ಕೆಲಸ. ಪಕ್ಕದ ಮನೆಯ ಮಗನ ಹಾಗೆ ದುಡಿಯಲು ಗಡಿ ದಾಟಿದ್ದವರು ಲಕ್ಷಗಟ್ಟಲೆ. 2025ರ ಗಡಿ ಜಗಳದಲ್ಲಿ ಅವರಲ್ಲಿ ಎಷ್ಟೋ ಜನ ಗಂಟುಮೂಟೆ ಕಟ್ಟಿಕೊಂಡು ಒಮ್ಮೆಲೇ ಮನೆಗೆ ಬಂದರು. ತಿಂಗಳ ಹಣ ನಿಂತಿತು. ಕಂತು ನಿಲ್ಲಲಿಲ್ಲ.

ತೇಲುವ ಮನೆಗಳನ್ನು ನೋಡಿ ಎಷ್ಟು ಸ್ವತಂತ್ರ ಬದುಕು ಅನ್ನುವವರಿದ್ದಾರೆ. ಆ ಮನೆಗಳಲ್ಲಿ ಇರುವವರಲ್ಲಿ ವಿಯೆಟ್ನಾಂ ಮೂಲದವರು ಬಹಳ. ತಲೆಮಾರುಗಳಿಂದ ಅಲ್ಲೇ ಹುಟ್ಟಿ ಬೆಳೆದರೂ ಎಷ್ಟೋ ಜನಕ್ಕೆ ಪೌರತ್ವದ ಕಾಗದ ಇಲ್ಲ. ದಡದಲ್ಲಿ ಜಮೀನು ಕೊಳ್ಳುವ ಹಾಗಿಲ್ಲ. ನೀರಿನ ಮೇಲೆ ಇರುವುದು ಅವರಿಗೆ ಆಯ್ಕೆಯೇ ಅಲ್ಲ.

ಇಷ್ಟೆಲ್ಲಾ ಇದ್ದೂ ಸಂಜೆ ವಾಲಿಬಾಲ್ ನಡೆಯುತ್ತದೆ, ಸಣ್ಣ ಬಾಜಿ ಕಟ್ಟಿ. ನವೆಂಬರ್ ಹುಣ್ಣಿಮೆ ಸುತ್ತಮುತ್ತ ನೀರಿನ ಹಬ್ಬದ ದೋಣಿ ಓಟ. ಆ ಉದ್ದನೆ ಓಟದ ದೋಣಿಯನ್ನು ಪಗೋಡದಲ್ಲಿ ಮಾಡು ಕಟ್ಟಿ, ಬಣ್ಣ ಬಳಿದು ಇಟ್ಟಿರುತ್ತಾರೆ. ಎಷ್ಟೋ ಮನೆಗಿಂತ ಅದರ ಮಾಡೇ ಗಟ್ಟಿ. ಮೊದಲು ನೋಡಿದಾಗ ದಂಡದ ಖರ್ಚು ಅನ್ನಿಸಿತು, ಸಾಲ ಕೇಳಲು ಬಂದರೆ ನಾನಂತೂ ಮಂಜೂರು ಮಾಡುತ್ತಿರಲಿಲ್ಲ. ದೋಣಿ ತೋರಿಸಲು ಕರೆದುಕೊಂಡು ಹೋದ ಹುಡುಗರ ಮುಖ ನೋಡಿದ ಮೇಲೆ ನನ್ನ ಸಹಿಗೆ ಅಲ್ಲಿ ಏನು ಬೆಲೆ ಅನ್ನಿಸಿತು. ನಿಮಗೂ ದೋಣಿ ತೋರಿಸುತ್ತಾರೆ. ಎಷ್ಟು ಖರ್ಚಾಯಿತು ಅಂತ ಕೇಳುವ ಬದಲು ಹೋದ ವರ್ಷ ಗೆದ್ದಿರಾ ಅಂತ ಕೇಳಿ. ಅರ್ಧ ಗಂಟೆ ನೀವು ಬಾಯಿ ತೆರೆಯಬೇಕಾಗಿಲ್ಲ.

ಫೋಟೋ

ಕೇಳಿ ತೆಗೆಯಿರಿ. ಕ್ಯಾಮೆರಾ ತೋರಿಸಿ ಹುಬ್ಬು ಏರಿಸಿದರೆ ಸಾಕು, ಭಾಷೆ ಬೇಡ. ತಲೆ ಅಲ್ಲಾಡಿಸಿ ಬೇಡ ಅಂದರೆ ನಕ್ಕು ಮುಂದೆ ಹೋಗಿ. ಸ್ನಾನ ಮಾಡುವವರು, ಮಲಗಿದವರು, ಬರಿ ಮೈಯ ಮಕ್ಕಳು ಬೇಡವೇ ಬೇಡ. ಮೊದಲ ದಿನ ಕ್ಯಾಮೆರಾ ಹೊರಗೆ ತೆಗೆಯದಿದ್ದರೆ ಇನ್ನೂ ಒಳ್ಳೆಯದು. ಎರಡನೇ ದಿನ ಅವರೇ ಒಳ್ಳೆ ಬಟ್ಟೆ ಹಾಕಿಕೊಂಡು ಬಂದು ತೆಗೆಯಿರಿ ಅನ್ನುತ್ತಾರೆ. ಆ ಫೋಟೋದಲ್ಲಿ ಅವರು ಬಡವರ ಹಾಗೆ ಕಾಣುವುದಿಲ್ಲ, ನೆಟ್ಟಗೆ ನಿಂತು ಗಂಭೀರವಾಗಿ ಇರುತ್ತಾರೆ. ಫೇಸ್‌ಬುಕ್‌ಗೆ ಹಾಕುವುದಾದರೆ ಅದನ್ನೇ ಹಾಕಿ. "ಬಡತನದಲ್ಲೂ ನಗು" ಅಂತೆಲ್ಲ ಬರೆಯುವ ಮೊದಲು ಆ ಮನೆಯವರು ಅದನ್ನು ಓದಿದರೆ ಏನು ಅಂದುಕೊಳ್ಳುತ್ತಾರೆ ಅಂತ ಯೋಚಿಸಿ. ಅವರ ಹತ್ತಿರವೂ ಫೋನ್ ಇದೆ, ಫೇಸ್‌ಬುಕ್ ನಿಮಗಿಂತ ಜಾಸ್ತಿ ನೋಡುತ್ತಾರೆ.

ಸಿಯೆಮ್ ರೀಪ್‌ಗೆ ವಾಪಸ್ ಬಂದ ದಿನವೇ ಫೋಟೋಗಳನ್ನು ಪ್ರಿಂಟ್ ಹಾಕಿಸಿ, ಲ್ಯಾಮಿನೇಟ್ ಮಾಡಿಸಿ ಗೈಡ್ ಕೈಗೆ ಕೊಡಿ. ಮುಂದಿನ ಸಲ ಹಳ್ಳಿಗೆ ಹೋದಾಗ ಅವನು ತಲುಪಿಸುತ್ತಾನೆ. ಲ್ಯಾಮಿನೇಷನ್ ಬೇಕೇ ಬೇಕು, ನೀರಿನ ಮೇಲಿನ ಮನೆಯಲ್ಲಿ ಬರೀ ಕಾಗದ ಒಂದು ಮಳೆಗಾಲ ತಡೆಯುವುದಿಲ್ಲ. ಗುಂಪಿನ ಫೋಟೋ ಇದ್ದರೆ ಅದರಲ್ಲಿ ಎಷ್ಟು ಮನೆಯವರು ಇದ್ದಾರೋ ಅಷ್ಟು ಪ್ರತಿ ಹಾಕಿಸಿ. ಪಕ್ಕದ ಮನೆ ಮುದುಕಿಯದ್ದನ್ನು ಸ್ವಲ್ಪ ದೊಡ್ಡ ಸೈಜಿನಲ್ಲಿ ಹಾಕಿಸಿ, ಅವರಿಗೆ ಕಣ್ಣು ಅಷ್ಟು ಕಾಣುವುದಿಲ್ಲ.